ಮನೆಗೆಲ್ಲ ಒಂದೇ ಅಡುಗೆ, ಆದರೆ ಸ್ವಲ್ಪ ಹಗುರ: ನೀವು ಏನೇನು ಬದಲಾಯಿಸಿದಿರಿ?

ತಿಪಟೂರಿನ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮನೆಯಲ್ಲಿ ಐದು ಜನ. ನಾನು, ಯಜಮಾನರು, ಅತ್ತೆ, ಏಳನೇ ಕ್ಲಾಸಿನ ಮಗಳು, ಯುಕೆಜಿ ಮಗ. ಯಜಮಾನರ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ ಬಂದಿದೆ, ಶುಗರ್ ಗಡಿಯಲ್ಲಿ ನಿಂತಿದೆ. ಮಾತ್ರೆ ಇನ್ನೂ ಕೊಟ್ಟಿಲ್ಲ. ಅತ್ತೆಗೆ ಬಿಪಿ. ಡಾಕ್ಟರ್ "ಊಟ ಹಗುರ ಮಾಡಿ" ಅಂತ ಒಂದೇ ಮಾತು ಹೇಳಿ ಕಳಿಸಿದರು. ಹೇಗೆ ಅಂತ ಹೇಳಲಿಲ್ಲ.

ನಮ್ಮ ಅಡುಗೆ ಹೀಗೆ: ಬೆಳಿಗ್ಗೆ ಚಿತ್ರಾನ್ನ, ಉಪ್ಪಿಟ್ಟು, ದೋಸೆ. ಭಾನುವಾರ ಪೂರಿ ಸಾಗು. ಮಧ್ಯಾಹ್ನ ಅನ್ನ, ಸಾರು ಅಥವಾ ಹುಳಿ, ಪಲ್ಯ, ಮೊಸರು. ರಾತ್ರಿ ಮತ್ತೆ ಅದೇ. ಸಂಜೆ ಮಳೆ ಬಂದರೆ ಬಜ್ಜಿ ಬೋಂಡ ಇದ್ದೇ ಇದೆ. ತೆಂಗಿನ ಸೀಮೆ ನಮ್ಮದು, ಕಾಯಿಗೆ ಬರ ಇಲ್ಲ. ಎಣ್ಣೆ ತಿಂಗಳಿಗೆ ಏಳು ಲೀಟರ್ ಹತ್ತಿರ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಯಜಮಾನರಿಗೆ ಬೇರೆ, ಮಕ್ಕಳಿಗೆ ಬೇರೆ, ಅತ್ತೆಗೆ ಬೇರೆ ಅಂತ ಮೂರು ಅಡುಗೆ ಮಾಡಲು ನನ್ನ ಕೈಲಾಗುವುದಿಲ್ಲ. ನಾನೂ ಕೆಲಸಕ್ಕೆ ಹೋಗುತ್ತೇನೆ. ಮತ್ತೆ ಓಟ್ಸ್, ಕೀನ್ವಾ, ಹಸಿ ಸಲಾಡ್ ಬಟ್ಟಲು ಇವೆಲ್ಲ ನಮ್ಮನೆಯಲ್ಲಿ ನಡೆಯಲ್ಲ. ಎಲ್ಲರೂ ಮುಖ ಸಿಂಡರಿಸದೆ ತಿನ್ನುವಂಥ ಬದಲಾವಣೆ ಏನಾದರೂ ಇದ್ದರೆ ಹೇಳಿ.

ಬಸ್ಸಾರು ಪ್ರಿಯೆ, ಮಂಡ್ಯ
ಅಕ್ಕಾ, ಮೊದಲು ಎಣ್ಣೆಯ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆಯಲ್ಲ, ಅದರಲ್ಲಿ 2000 ಕ್ಯಾಲೊರಿ ಊಟ ಮಾಡುವ ದೊಡ್ಡವರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ತುಪ್ಪ ಅಂತಿದೆ. ಐದು ಜನಕ್ಕೆ ತಿಂಗಳಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಲೀಟರ್ ಆಸುಪಾಸು, ತುಪ್ಪವೂ ಸೇರಿ. ನಿಮ್ಮಲ್ಲಿ ಒಬ್ಬ ಯುಕೆಜಿ ಹುಡುಗ, ಅವನ ಪಾಲು ಇನ್ನೂ ಕಡಿಮೆ. ಏಳು ಲೀಟರ್ ಅಂದರೆ ಎಲ್ಲೋ ಎರಡೂವರೆ ಲೀಟರ್ ಹೆಚ್ಚಿಗೆ ಹೋಗುತ್ತಿದೆ. ಅದು ಎಲ್ಲಿ ಹೋಗುತ್ತಿದೆ ಅಂತ ಹುಡುಕಿದರೆ ಅರ್ಧ ಕೆಲಸ ಆಯಿತು.

ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಕ್ಯಾನಿನಿಂದ ನೇರ ಬಾಣಲೆಗೆ ಸುರಿದರೆ ಮೂರು ಚಮಚ ಬಿತ್ತೋ ನಾಲ್ಕು ಬಿತ್ತೋ ಯಾರಿಗೆ ಗೊತ್ತು? ನಾನು ಎಣ್ಣೆಯನ್ನು ಅಗಲ ಬಾಯಿಯ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಅದರಲ್ಲೇ ಟೀ ಚಮಚ ಬಿಟ್ಟಿರುತ್ತೇನೆ. ಸಾರಿನ ಒಗ್ಗರಣೆಗೆ ಒಂದು ಚಮಚ ಸಾಕು. ಸಣ್ಣ ಒಗ್ಗರಣೆ ಸೌಟಿನಲ್ಲಿ ಮಾಡಿ, ದೊಡ್ಡ ಬಾಣಲೆ ಬೇಡ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ತೆಳ್ಳಗೆ ಹರಡಿ ಸಾಸಿವೆ ಸಿಡಿಯುವುದೇ ಇಲ್ಲ. ಆಗ ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ.

ಹಾಸನದ ಅಜ್ಜಿಮನೆ
ಮೂರು ಅಡುಗೆ ಬೇಡ ಅಂದಿರಲ್ಲ, ಅದು ಸರಿಯಾದ ಮಾತು. ನನ್ನ ಅಭಿಪ್ರಾಯ ಏನೆಂದರೆ, ಮನೆಯವರಿಗೆ ಇಷ್ಟವಾದ ತಿಂಡಿಯ "ಡಯಟ್" ರೂಪ ಮಾಡಲು ಹೋಗಬೇಡಿ. ಬೇಯಿಸಿದ ಬಜ್ಜಿ, ಓಟ್ಸ್ ಚಿತ್ರಾನ್ನ, ಇವೆಲ್ಲ ತಿನ್ನುವಾಗ ಅಸಲಿ ತಿಂಡಿಯೇ ನೆನಪಾಗುತ್ತದೆ. ಅದರ ಬದಲು ನಮ್ಮ ಅಡುಗೆಯಲ್ಲೇ ಇರುವ ಹಗುರದ ತಿಂಡಿ ಹುಡುಕಿ. ಆಂಬೊಡೆಯ ಜಾಗಕ್ಕೆ ನುಚ್ಚಿನುಂಡೆ. ಎರಡಕ್ಕೂ ಬೇಳೆ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿಯೇ. ಒಂದನ್ನು ಕರಿಯುತ್ತೇವೆ, ಇನ್ನೊಂದನ್ನು ಹಬೆಯಲ್ಲಿ ಬೇಯಿಸುತ್ತೇವೆ. ನುಚ್ಚಿನುಂಡೆಯನ್ನು ಯಾರೂ ಪಥ್ಯ ಅನ್ನುವುದಿಲ್ಲ, ಅದಕ್ಕೆ ಅದರದೇ ಮರ್ಯಾದೆ ಇದೆ.

ಮಾಡುವುದು ಹೀಗೆ. ಒಂದು ಲೋಟ ತೊಗರಿಬೇಳೆ, ಬೇಕಾದರೆ ಅದರಲ್ಲಿ ಕಾಲು ಭಾಗ ಕಡಲೆಬೇಳೆ. ಎರಡು ಗಂಟೆ ನೆನೆಸಿ. ಆಮೇಲೆ ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು ನೀರು ಪೂರ್ತಿ ಸೋರಲಿ. ಇದೇ ಮುಖ್ಯ. ನೀರು ಉಳಿದರೆ ರುಬ್ಬಿದಾಗ ಹಿಟ್ಟಾಗುತ್ತದೆ, ಉಂಡೆ ಕಲ್ಲಾಗುತ್ತದೆ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಅಲ್ಲಲ್ಲಿ ಇಡೀ ಬೇಳೆ ಕಾಣಬೇಕು. ಒಂದು ಕಟ್ಟು ಸಬ್ಬಸಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಪೂರ್ತಿ ಹಾಕಿ, ಸೊಪ್ಪು ಜಾಸ್ತಿಯಾದಷ್ಟೂ ಉಂಡೆ ಮೆತ್ತಗೆ. ಎರಡು ಚಮಚ ಕಾಯಿತುರಿ, ಉಪ್ಪು, ಇಂಗು. ಉದ್ದಕ್ಕೆ ಒತ್ತಿ ಇಡ್ಲಿ ತಟ್ಟೆಯಲ್ಲಿಟ್ಟು ಹನ್ನೆರಡು ಹದಿನೈದು ನಿಮಿಷ ಬೇಯಿಸಿ. ಜೊತೆಗೆ ಮಜ್ಜಿಗೆ ಹುಳಿ ಇದ್ದರೆ ರಾತ್ರಿ ಅನ್ನ ಅರ್ಧಕ್ಕೆ ಇಳಿಯುತ್ತದೆ. ಹೊಟ್ಟೆಗೆ ಬೇಳೆ ಬಿದ್ದಿರುತ್ತದಲ್ಲ.

ಹಪ್ಪಳವನ್ನು ಕರಿಯುವ ಬದಲು ಉರಿಯ ಮೇಲೆ ಸುಡಿ. ಸಂಜೆಗೆ ಬೋಂಡದ ಬದಲು ಪಡ್ಡು, ಕುಳಿಗೆ ಎರಡು ಹನಿ ಎಣ್ಣೆ.

ತಿಪಟೂರಿನ ಸೊಸೆ
ನುಚ್ಚಿನುಂಡೆ ಅತ್ತೆಗೆ ಪ್ರಾಣ. ನಾವು ವರ್ಷಕ್ಕೆ ಒಂದೆರಡು ಸಲ ಮಾಡುವುದು, ಯಾಕೆ ಅಂತ ಯೋಚಿಸಿದರೆ ಕಾರಣವೇ ಇಲ್ಲ! ಈ ಶನಿವಾರ ಮಾಡುತ್ತೇನೆ.

ಸಿರಿಧಾನ್ಯ ಸಂಗಾತಿ
ಅನ್ನ ಬಿಡಿ ಮೇಡಂ, ಎಲ್ಲ ಸರಿಹೋಗುತ್ತದೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ. ಮೂರು ಹೊತ್ತೂ ಸಿರಿಧಾನ್ಯವೇ ಮಾಡಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸುಮ್ನೆ ಘೋಷಿಸಿತಾ? ಇದರಲ್ಲಿ ಕ್ಯಾಲೊರಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಷ್ಟು ಬೇಕಾದರೂ ಉಣ್ಣಬಹುದು. ಸಕ್ಕರೆ ಬದಲು ಬೆಲ್ಲ, ಅಷ್ಟೇ.

ಆಹಾರ ತಜ್ಞೆ, ಬೆಂಗಳೂರು
ಸಿರಿಧಾನ್ಯ ಒಳ್ಳೆಯದು, ನಾನೂ ಬರೆದುಕೊಡುತ್ತೇನೆ. ಆದರೆ ಕ್ಯಾಲೊರಿ ಇಲ್ಲ ಅನ್ನುವ ಮಾತು ನಿಜವಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ಸಾಮೆಯಲ್ಲಿ 345, ಜೋಳದಲ್ಲಿ 335, ರಾಗಿಯಲ್ಲಿ 320. ಹೆಚ್ಚು ಕಡಿಮೆ ಎಲ್ಲ ಒಂದೇ. ವ್ಯತ್ಯಾಸ ಇರುವುದು ನಾರಿನಲ್ಲಿ. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ಮೂರು ಗ್ರಾಂ ನಾರೂ ಇಲ್ಲ, ರಾಗಿಯಲ್ಲಿ ಹನ್ನೊಂದು, ಜೋಳದಲ್ಲಿ ಹತ್ತು. ಅದಕ್ಕೇ ಮುದ್ದೆ, ರೊಟ್ಟಿ ತಿಂದರೆ ಬೇಗ ಹೊಟ್ಟೆ ತುಂಬುತ್ತದೆ, ಬೇಗ ಹಸಿಯುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ಇದು ನಿಮ್ಮ ಅತ್ತೆಯವರಿಗೂ ಮಗಳಿಗೂ ಬೇಕಾದದ್ದು. ಆದರೆ ಅದೇ ರಾಗಿಯನ್ನು ನುಣ್ಣಗೆ ಬೀಸಿ, ತೆಳ್ಳಗೆ ಮಾಲ್ಟ್ ಮಾಡಿ, ಎರಡು ಚಮಚ ಸಕ್ಕರೆ ಹಾಕಿ ಕುಡಿದರೆ ಶುಗರ್ ಬೇಗ ಏರುತ್ತದೆ.

ಬೆಲ್ಲದ ವಿಷಯ. ಬೆಲ್ಲದಲ್ಲೂ ಕ್ಯಾಲೊರಿ ಸಕ್ಕರೆಯಷ್ಟೇ ಅಂದುಕೊಳ್ಳಿ. ಶುಗರ್ ಗಡಿಯಲ್ಲಿರುವವರಿಗೆ ಎರಡೂ ಒಂದೇ. ರುಚಿಗೆ ಬೇಕಾದರೆ ಹಾಕಿ, ಔಷಧಿ ಅಂತ ಹಾಕಬೇಡಿ.

ಈಗ ಯಜಮಾನರ ಟ್ರೈಗ್ಲಿಸರೈಡ್. ಜನ ಇದನ್ನು ಬರೀ ಎಣ್ಣೆಯ ಕಾಯಿಲೆ ಅಂದುಕೊಳ್ಳುತ್ತಾರೆ. ಸಕ್ಕರೆ, ಮೈದಾ, ಪದೇ ಪದೇ ತಟ್ಟೆ ತುಂಬ ಅನ್ನ, ಮದ್ಯ, ಇವು ಅದನ್ನು ಚೆನ್ನಾಗಿಯೇ ಏರಿಸುತ್ತವೆ. ಆಫೀಸಿನಲ್ಲಿ ಎಷ್ಟು ಟೀ ಕುಡಿಯುತ್ತಾರೆ ಕೇಳಿ. ಒಂದಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ಮೂರು ಟೀ ಅಂದರೆ ಅಲ್ಲಿಗೇ 24 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 50 ಗ್ರಾಂ ಮೀರಬೇಡಿ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಮನೆಯಲ್ಲಿ ನೀವು ಎಣ್ಣೆ ಹಿಡಿದು ಅವರು ಹೊರಗೆ ಬಿಸ್ಕತ್ತು ಟೀ ಹೊಡೆದರೆ ಪ್ರಯೋಜನ ಏನು?

ಮೂರು ಎಚ್ಚರಿಕೆ. ಯುಕೆಜಿ ಮಗನಿಗೆ ತುಪ್ಪ, ಹಾಲು ಕಡಿಮೆ ಮಾಡಬೇಡಿ, ಬೆಳೆಯುವ ಮಗು. ಅತ್ತೆಯವರಿಗೆ ಬಿಪಿಗೆ ಅಂತ ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದರೆ ಅಥವಾ ಕೆಲವು ಬಿಪಿ ಮಾತ್ರೆಗಳ ಜೊತೆ ಅಪಾಯ. ಮತ್ತೆ ಇದನ್ನು ಓದುತ್ತಿರುವ ಬೇರೆಯವರಿಗೆ: ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಅನ್ನವನ್ನು ಒಮ್ಮೆಲೇ ಅರ್ಧ ಮಾಡಿದರೆ ಶುಗರ್ ತೀರಾ ಇಳಿಯಬಹುದು. ಡಾಕ್ಟರಿಗೆ ಹೇಳಿಯೇ ಮಾಡಿ.

ಸಿರಿಧಾನ್ಯ ಸಂಗಾತಿ
ನಾನು ಅನುಭವದಿಂದ ಹೇಳಿದ್ದು. ನನಗೆ ಹತ್ತು ಕೆಜಿ ಇಳಿದಿದೆ.

ಆಹಾರ ತಜ್ಞೆ, ಬೆಂಗಳೂರು
ಇಳಿದಿರಬಹುದು ಸರ್, ಇಲ್ಲ ಅನ್ನುತ್ತಿಲ್ಲ. ನಾರು ಜಾಸ್ತಿಯಾಗಿ ಒಟ್ಟು ತಿನ್ನುವುದು ಕಡಿಮೆಯಾಗಿರುತ್ತದೆ. "ಎಷ್ಟು ಬೇಕಾದರೂ ಉಣ್ಣಿ" ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಧಾರವಾಡದ ಮನೆ
ನಮ್ಮ ಕಡೆಯ ಮಾತು ಹೇಳುತ್ತೇನೆ ರೀ. ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ ಮಾಡಿ. ಹಿಟ್ಟು, ಕುದಿಯುವ ನೀರು, ಮುಗೀತು. ಎಣ್ಣೆ ಹನಿಯೂ ಬೇಡ. ಬಡಿಯಲು ಬರದಿದ್ದರೆ ಲಟ್ಟಿಸಬಹುದು, ನಾಚಿಕೆ ಏನಿಲ್ಲ. ಅದೂ ಆಗದಿದ್ದರೆ ಒಣಗಿಸಿದ ಗರಿಗರಿ ಕಟಕ ರೊಟ್ಟಿ ಈಗ ಎಲ್ಲ ಊರಲ್ಲೂ ಸಿಗುತ್ತದೆ.

ರೊಟ್ಟಿಯ ದೊಡ್ಡ ಗುಣ ಅಂದರೆ ಅದರ ಜೊತೆ ಏನು ಬರುತ್ತದೋ ಅದು. ಅನ್ನಕ್ಕೆ ಒಂದು ಸೌಟು ಸಾರು ಸಾಕು. ರೊಟ್ಟಿ ಇಳಿಯಬೇಕಾದರೆ ಪಲ್ಯ ಬೇಕು, ಕಾಳು ಬೇಕು, ಹಸಿ ಸೊಪ್ಪು ತರಕಾರಿ ಬೇಕು. ಮಡಕೆ ಕಾಳಿನ ಉಸುಳಿ, ಪುಂಡಿ ಪಲ್ಯ, ಮೆಂತ್ಯ ಸೊಪ್ಪು ಹಸಿಯಾಗಿಯೇ, ಸವತಿಕಾಯಿ, ಉಳ್ಳಾಗಡ್ಡಿ, ಗಜ್ಜರಿ. ನೀವು ಸಲಾಡ್ ನಡೆಯಲ್ಲ ಅಂದಿರಿ. ನಮ್ಮಲ್ಲಿ ಅದಕ್ಕೆ ಸಲಾಡ್ ಅನ್ನುವುದೇ ಇಲ್ಲ, ಪಚಡಿ ಅಂತ ಊಟದ ಜೊತೆ ಬಟ್ಟಲು ತುಂಬ ತಿಂದುಬಿಡುತ್ತಾರೆ.

ಎಣ್ಣೆಗಾಯಿಗೆ ಹೆಸರಲ್ಲೇ ಎಣ್ಣೆ ಇದೆ, ಹೌದು. ನಾನು ಸೀಳಿದ ಬದನೆಕಾಯಿಯನ್ನು ಮೊದಲು ಮುಚ್ಚಳ ಹಾಕಿ ಹಬೆಯಲ್ಲಿ ಮುಕ್ಕಾಲು ಬೇಯಿಸಿಕೊಳ್ಳುತ್ತೇನೆ. ಆಮೇಲೆ ಗುರೆಳ್ಳು, ಶೇಂಗಾ ಮಸಾಲಿ ತುಂಬಿ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಗೆ ಇಡುತ್ತೇನೆ. ಹಸಿ ಬದನೆಕಾಯಿ ಎಣ್ಣೆ ಕುಡಿಯುತ್ತದೆ, ಬೆಂದದ್ದು ಅಷ್ಟು ಕುಡಿಯುವುದಿಲ್ಲ. ಶೇಂಗಾ, ಗುರೆಳ್ಳಿನ ಎಣ್ಣೆಯೇ ಮೇಲೆ ತೇಲುತ್ತದೆ, ತಿನ್ನುವವರಿಗೆ ಗೊತ್ತೇ ಆಗುವುದಿಲ್ಲ. ಶೇಂಗಾ ಚಟ್ನಿಪುಡಿ ಮಾತ್ರ ಚಮಚದಲ್ಲಿ ಹಾಕಿಕೊಳ್ಳಿ, ಹಿಡಿಯಲ್ಲಿ ಬೇಡ.

ಹೊಟ್ಟೆ ತುಂಬ ಉಣ್ಣಿ
ಇದೆಲ್ಲ ಅತಿಯಾಯಿತು. ನಮ್ಮ ತಾತ ಮುದ್ದೆಗೆ ಗುಳಿ ಮಾಡಿ ತುಪ್ಪ ಸುರಿದು ತಿಂದು ತೊಂಬತ್ತು ದಾಟಿದರು. ಚಮಚದಲ್ಲಿ ಎಣ್ಣೆ ಅಳೆದವರಲ್ಲ.

ಬಸ್ಸಾರು ಪ್ರಿಯೆ, ಮಂಡ್ಯ
ನಿಮ್ಮ ತಾತ ಗದ್ದೆಗೆ ನಡೆದುಕೊಂಡು ಹೋಗುತ್ತಿದ್ದರಾ, ಕಾರಲ್ಲಾ?

ಹೊಟ್ಟೆ ತುಂಬ ಉಣ್ಣಿ
ಗಾಡಿಯಲ್ಲಿ. ಎತ್ತಿನ ಗಾಡಿ. ಸರಿ ಬಿಡಿ, ಒಪ್ಪಿದೆ. 😄

ತಿಪಟೂರಿನ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಆದರೆ ಕಾಯಿಯ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮನೆಯಲ್ಲಿ ದಿನಕ್ಕೆ ಒಂದು ಕಾಯಿ ಒಡೆಯಲೇಬೇಕು. ಚಟ್ನಿಗೆ ಒಂದು ಹೋಳು, ಹುಳಿಗೆ ಅರ್ಧ ಹೋಳು, ಪಲ್ಯದ ಮೇಲೆ ಉದುರಿಸಲು ಉಳಿದದ್ದು. ಕಮ್ಮಿ ಹಾಕಿದರೆ ಅತ್ತೆ ಮೊದಲ ತುತ್ತಿಗೇ ಹೇಳುತ್ತಾರೆ, "ಕಾಯಿ ಮರೆತೆಯಾ ಮಗಾ?" ಅಂತ.

ಕರಾವಳಿ ಅಮ್ಮ, ಈಗ ಮಸ್ಕತ್
ತೆಂಗಿನ ವಿಷಯಕ್ಕೆ ನಾನು ಮಾತಾಡದಿದ್ದರೆ ಹೇಗೆ! ಒಂದು ಕಪ್ ತುರಿಯಲ್ಲಿ ಸುಮಾರು 280 ಕ್ಯಾಲೊರಿ ಇದೆ. ಹಾಗಂತ ಕಾಯಿ ವಿಷವಲ್ಲ, ನಾರೂ ಇದೆ. ಎಲ್ಲ ಪದಾರ್ಥಕ್ಕೂ ಹಾಕುವುದು ಬೇಡ, ಅಷ್ಟೇ. ನಮ್ಮಲ್ಲಿ ಗಸಿ (ಕಾಯಿ ರುಬ್ಬಿ ಹಾಕಿದ ಮಂದ ಸಾರು) ಮಾಡಿದ ದಿನ ಪಲ್ಯಕ್ಕೆ ಕಾಯಿ ಇಲ್ಲ. ಮರುದಿನ ಪುಳಿಮುಂಚಿ, ಬರೀ ಹುಳಿ ಮೆಣಸು, ಅದಕ್ಕೆ ಕಾಯಿ ಕೇಳುವವರೇ ಇಲ್ಲ. ನಿಮ್ಮಲ್ಲೂ ಹಾಗೇ ಮಾಡಿ. ಹುಳಿ ಮಾಡಿದ ದಿನ ಕಾಯಿ ಪೂರ್ತಿ ಇರಲಿ, ಮಾರನೇ ದಿನ ಕಾಯಿಯೇ ಬೇಡದ ತಿಳಿಸಾರು, ಕಟ್ಟು ಸಾರು. ಎಲ್ಲದರಲ್ಲೂ ಅರ್ಧ ಅರ್ಧ ಕಮ್ಮಿ ಮಾಡಿದರೆ ಎಲ್ಲವೂ ಸಪ್ಪೆ, ದಿನಾ ಗೊಣಗಾಟ.

ಮೀನು ತಿನ್ನುವವರಾದರೆ ಭೂತಾಯಿ, ಬಂಗುಡೆ ತನ್ನಿ. ಅದರ ಎಣ್ಣೆಯಲ್ಲಿ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇದೆ, ಟ್ರೈಗ್ಲಿಸರೈಡ್‌ಗೆ ಒಳ್ಳೆಯದು. ಆದರೆ ಮುಳುಗುವಷ್ಟು ಎಣ್ಣೆಯಲ್ಲಿ ಕರಿಯಬೇಡಿ. ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಕಾವಲಿ ಮೇಲೆ ಇಟ್ಟರೆ ಮೀನಿನದೇ ಎಣ್ಣೆ ಸಾಕು.

ಹಾಸನದ ಅಜ್ಜಿಮನೆ
ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ಚಟ್ನಿಗೆ ಇನ್ನೊಂದು ದಾರಿ ಇದೆ. ಇಡ್ಲಿ ಚಟ್ನಿಗೆ ಕಾಯಿ ಅರ್ಧ ಮಾಡಿ, ಹುರಿಗಡಲೆ ಆ ಜಾಗಕ್ಕೆ ಬರಲಿ, ಒಂದು ಹಿಡಿ ಕೊತ್ತಂಬರಿ ಅಥವಾ ಪುದೀನ ಸೇರಲಿ. ಹಸಿರು ಬಣ್ಣಕ್ಕೆ ಯಾರೂ ಕಾಯಿ ಎಷ್ಟಿದೆ ಅಂತ ನೋಡುವುದಿಲ್ಲ. ವಾರಕ್ಕೆರಡು ದಿನ ಹೀರೇಕಾಯಿ ಸಿಪ್ಪೆ ಚಟ್ನಿ. ಸಿಪ್ಪೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಒಂದೇ ಚಮಚ ಎಣ್ಣೆಯಲ್ಲಿ ಹುರಿದು ರುಬ್ಬುವುದು. ಕಾಯಿ ಒಂದು ಚಮಚ ಸಾಕು. ಹೀರೇಕಾಯಿ ಪಲ್ಯಕ್ಕೆ ಹೋಯಿತು, ಸಿಪ್ಪೆ ಚಟ್ನಿಗೆ ಬಂತು. ನಿಮ್ಮ ಅತ್ತೆಗೆ ಈ ಲೆಕ್ಕಾಚಾರ ಖಂಡಿತ ಮೆಚ್ಚುಗೆಯಾಗುತ್ತದೆ.

ಶಿರಸಿ ಸೀಮೆಯವಳು
ತಂಬುಳಿ ಮರೆತಿರಾ ಎಲ್ಲರೂ? ದೊಡ್ಡಪತ್ರೆ, ಒಂದೆಲಗ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಮೆಂತ್ಯ, ಯಾವುದಾದರೂ ಸರಿ. ಜೀರಿಗೆ, ಕಾಳುಮೆಣಸು, ಒಂದೆರಡು ಚಮಚ ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯಿತು. ಕುದಿಸುವುದೂ ಇಲ್ಲ. ಬೇಸಿಗೆಯಲ್ಲಿ ನಾವು ಹುಳಿಯೇ ಮಾಡುವುದಿಲ್ಲ, ತಂಬುಳಿ ಮತ್ತೆ ಒಂದು ಪಲ್ಯ. ಕೆಲಸಕ್ಕೆ ಹೋಗುವವರಿಗೆ ಹತ್ತು ನಿಮಿಷದ ಕೆಲಸ.

ಮಜ್ಜಿಗೆ ಮನೆಯಲ್ಲೇ ಕಡೆದದ್ದಾಗಿರಲಿ, ಬೆಣ್ಣೆ ತೆಗೆದದ್ದು. ಆ ಬೆಣ್ಣೆ ಮಕ್ಕಳ ದೋಸೆಗೆ.

ಡಬ್ಬಿ ಕಟ್ಟುವ ಅಪ್ಪ, ಮೈಸೂರು
ನಮ್ಮನೆಯಲ್ಲಿ ಬೆಳಗಿನ ಅಡುಗೆ ನನ್ನದು. ಮಕ್ಕಳ ಕಡೆಯಿಂದ ಎರಡು ಮಾತು.

ಉಪ್ಪಿಟ್ಟಿನಲ್ಲಿ ಒಂದು ಲೋಟ ರವೆಗೆ ಎರಡು ಲೋಟ ತರಕಾರಿ ಹಾಕಿ. ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ದಪ್ಪಮೆಣಸಿನಕಾಯಿ. ರವೆಯನ್ನು ಮೊದಲೇ ಬರೀ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಡಬ್ಬದಲ್ಲಿಡಿ, ಆಗ ಉದುರಾಗಲು ಎಣ್ಣೆ ಸುರಿಯಬೇಕಾಗಿಲ್ಲ. ಎಣ್ಣೆಯಿಂದ ಉದುರಾಗುವುದಲ್ಲ, ಹುರಿದದ್ದರಿಂದ ಆಗುವುದು. ಚಿತ್ರಾನ್ನಕ್ಕೂ ಅಷ್ಟೇ. ಅನ್ನ ಆರಿರಲಿ, ಒಗ್ಗರಣೆಯಲ್ಲಿ ಈರುಳ್ಳಿ ಜೊತೆ ಎಲೆಕೋಸು ಇಲ್ಲವೇ ತುರಿದ ಕ್ಯಾರೆಟ್ ಒಂದು ಬಟ್ಟಲು ಹೋಗಲಿ. ಕಡಲೆಬೀಜ ಎಣ್ಣೆಯಲ್ಲಿ ಕರಿಯದೆ ಬೇರೆ ಹುರಿದು ಕೊನೆಗೆ ಸೇರಿಸಿ, ಗರಿಗರಿಯಾಗಿಯೂ ಇರುತ್ತದೆ.

ಪೂರಿ ಭಾನುವಾರ ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮಕ್ಕಳು ಅದನ್ನೇ ಜಪಿಸುತ್ತಾರೆ. ತಿಂಗಳಿಗೊಮ್ಮೆ ಇಡಿ, ಉಳಿದ ಭಾನುವಾರ ಅದೇ ಸಾಗುಗೆ ಸೆಟ್ ದೋಸೆ ಮಾಡಿ. ಸಾಗು ಇದ್ದರೆ ಅರ್ಧ ಜಗಳ ಮುಗಿದಂತೆ.

ತರಕಾರಿ ರುಬ್ಬಿ ಹಿಟ್ಟಿಗೆ ಕಲಸಿ ಕದ್ದು ತಿನ್ನಿಸುವುದು ನನಗೆ ಇಷ್ಟವಿಲ್ಲ. ಗೊತ್ತಾದ ದಿನ ಚಪಾತಿಯ ಮೇಲೂ ನಂಬಿಕೆ ಹೋಗುತ್ತದೆ. ಬೀಟ್‌ರೂಟ್ ದೋಸೆ ಮಾಡಿದರೆ ಬೀಟ್‌ರೂಟ್ ದೋಸೆ ಅಂತಲೇ ಹೇಳಿ ಕೊಡುತ್ತೇನೆ.

ಎರಡು ಪಾತ್ರೆ ಸಾಕು
ಒಂದು ವಿಷಯ ಯಾರೂ ಎತ್ತಲಿಲ್ಲ. ಉಳಿದದ್ದನ್ನು ತಿನ್ನುವವರು ಯಾರು? ಎರಡು ಬೋಂಡ ಉಳಿದರೆ, ಮಗ ಅರ್ಧ ಚಪಾತಿ ಬಿಟ್ಟರೆ, ರಾತ್ರಿ ಒಂದು ಸೌಟು ವಾಂಗಿಭಾತ್ ಮಿಕ್ಕರೆ, ಬಿಸಾಡಲು ಮನಸ್ಸಾಗದೆ ಅಡುಗೆಮನೆಯಲ್ಲಿ ನಿಂತುಕೊಂಡು ನಾವೇ ತಿನ್ನುತ್ತೇವೆ. ಅದು ಯಾವ ಲೆಕ್ಕಕ್ಕೂ ಬರಲ್ಲ. ಮನೆಯವರೆಲ್ಲರ ರಿಪೋರ್ಟ್ ಬರೆದಿರಿ ಅಕ್ಕ, ನಿಮ್ಮದು ಬರೆಯಲಿಲ್ಲ. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು, ಹಗುರದ ಅಡುಗೆ ಅಂದರೆ ಹೆಂಗಸರಿಗೆ ಹೆಚ್ಚುವ ಕೆಲಸ ಜಾಸ್ತಿ. ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು, ಕಾಳು ಮೊಳಕೆ ಕಟ್ಟುವುದು. ಬಜ್ಜಿಗಿಂತ ಬಸ್ಸಾರಿಗೆ ಹೊತ್ತು ಬೇಕು. ರಿಪೋರ್ಟ್ ಯಜಮಾನರದಾದರೆ ಭಾನುವಾರ ಸೊಪ್ಪು ಬಿಡಿಸುವ ಕೆಲಸವೂ ಅವರದಾಗಲಿ. ಟಿವಿ ನೋಡುತ್ತಾ ಮಾಡಬಹುದಾದ ಕೆಲಸ ಅದು.

ಬಸ್ಸಾರು ಪ್ರಿಯೆ, ಮಂಡ್ಯ
ನೂರಕ್ಕೆ ನೂರು ನಿಜ. ಆದರೆ ಬಸ್ಸಾರನ್ನು ಬೈಯಬೇಡಿ! ಒಂದೇ ಕುದಿತಕ್ಕೆ ಎರಡು ಪದಾರ್ಥ ಕೊಡುವ ಅಡುಗೆ ಅದು. ನೆನೆಸಿದ ಹುರುಳಿಕಾಳು ಅಥವಾ ಅವರೆಕಾಳು ಬೇಯಿಸಿ, ಕೊನೆಗೆ ದಂಟಿನ ಸೊಪ್ಪು ಹಾಕಿ, ಬಸಿದರೆ ಕಟ್ಟು ಸಾರಿಗೆ, ಸೊಪ್ಪು ಕಾಳು ಪಲ್ಯಕ್ಕೆ. ಖಾರಕ್ಕೆ ಒಂದು ಹಿಡಿ ಬೆಂದ ಕಾಳನ್ನೇ ರುಬ್ಬಿ ಹಾಕಿದರೆ ಕಾಯಿ ಕಮ್ಮಿ ಸಾಕು, ಸಾರು ಮಂದ ಬರುತ್ತದೆ. ಎಣ್ಣೆ ಎರಡು ಒಗ್ಗರಣೆಗೆ ಎರಡು ಚಮಚ. ಮುದ್ದೆ ಜೊತೆ ಇದ್ದರೆ ಯಾವ ಡಯಟ್ ಪ್ಲಾನೂ ಬೇಡ.

ಮುದ್ದೆ ಗಾತ್ರ ಮಾತ್ರ ನೋಡಿಕೊಳ್ಳಿ. ನಮ್ಮೂರ ಮುದ್ದೆ ಒಂದು ಉಂಡರೆ ಆಫೀಸಿನಲ್ಲಿ ನಿದ್ದೆ ಗ್ಯಾರಂಟಿ.

ತಿಪಟೂರಿನ ಸೊಸೆ
ನನ್ನ ರಿಪೋರ್ಟ್ ಕೇಳಿದ್ದು ನೀವೇ ಮೊದಲು. ಮಾಡಿಸುತ್ತೇನೆ.

ಉಪ್ಪಿನ ಬಗ್ಗೆ ಕೇಳಬೇಕಿತ್ತು. ಅತ್ತೆಗೆ ಅಂತ ಸಾರಿಗೆ ಉಪ್ಪು ಕಮ್ಮಿ ಹಾಕಿದರೆ ಯಜಮಾನರು ಮೇಲೆ ಉಪ್ಪು ಉದುರಿಸಿಕೊಳ್ಳುತ್ತಾರೆ. ಏನು ಮಾಡಲಿ?

ಆಹಾರ ತಜ್ಞೆ, ಬೆಂಗಳೂರು
ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದೂ ಜನರನ್ನು ದೊಡ್ಡವರೆಂದೇ ಹಿಡಿದರೂ ತಿಂಗಳಿಗೆ 750 ಗ್ರಾಂ. ಅಂದರೆ ಒಂದು ಕೆಜಿ ಪ್ಯಾಕೆಟ್ ತಿಂಗಳು ದಾಟಿ ಬರಬೇಕು, ಅದೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಂಗಡಿ ಚಿಪ್ಸ್‌ನಲ್ಲಿ ಬರುವ ಉಪ್ಪನ್ನೂ ಸೇರಿಸಿಕೊಂಡು. ನಿಮ್ಮ ಪ್ಯಾಕೆಟ್ ಎಷ್ಟು ದಿನ ಬರುತ್ತದೆ ನೋಡಿ, ಅದೇ ನಿಮಗೆ ಹೇಳುತ್ತದೆ.

ಸಾರಿನ ಉಪ್ಪಿಗೆ ಕೈ ಹಾಕುವ ಮುಂಚೆ ಊಟದ ಮೇಜಿನ ಉಪ್ಪಿನಕಾಯಿ ಭರಣಿ ಮತ್ತು ಉಪ್ಪಿನ ಡಬ್ಬಿ ಎತ್ತಿಡಿ. ಮೊಸರನ್ನಕ್ಕೆ, ಮಜ್ಜಿಗೆಗೆ ಉಪ್ಪು ಬಿಡಿ. ಅನ್ನ ಬೇಯುವಾಗ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ, ಯಾರಿಗೂ ತಿಳಿಯುವುದಿಲ್ಲ. ಪಲ್ಯ, ಕೋಸಂಬರಿಗೆ ನಿಂಬೆರಸ ಹಿಂಡಿದರೆ ಉಪ್ಪು ಕಮ್ಮಿ ಇದ್ದದ್ದು ಗೊತ್ತಾಗುವುದಿಲ್ಲ. ಸಾರಿನದು ಕೊನೆಗೆ, ಸ್ವಲ್ಪ ಸ್ವಲ್ಪವೇ ಇಳಿಸಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ನ್ಯೂಜೆರ್ಸಿ ಅಕ್ಕ
ಇಲ್ಲಿಂದ ಒಂದು ಮಾತು. ಏರ್ ಫ್ರೈಯರ್ ಕೊಳ್ಳಬೇಕೇ ಅಂತ ಊರಿನಿಂದ ಎಲ್ಲರೂ ಕೇಳುತ್ತಾರೆ. ಆಲೂಗಡ್ಡೆ, ಬೆಂಡೆಕಾಯಿ, ಹಾಗಲಕಾಯಿ, ಮಸಾಲೆ ಹಚ್ಚಿದ ಕೋಳಿ, ಇವಕ್ಕೆ ಚೆನ್ನಾಗಿದೆ. ಒಂದು ಚಮಚ ಎಣ್ಣೆ ಸವರಿದರೆ ಸಾಕು. ಆಂಬೊಡೆ ಪರವಾಗಿಲ್ಲ, ಸ್ವಲ್ಪ ಒಣಗುತ್ತದೆ. ಆದರೆ ಬಜ್ಜಿ? ತೆಳ್ಳಗಿನ ಕಡಲೆಹಿಟ್ಟು ಜಾಲರಿಯಿಂದ ಸೋರಿ ಕೆಳಗೆ ಬೀಳುತ್ತದೆ. ಬಜ್ಜಿಗೋಸ್ಕರ ಯಾರೂ ಕೊಳ್ಳಬೇಡಿ. ಪಡ್ಡು ಕಾವಲಿ ಸಾಕು.

ಮತ್ತೆ ಇಲ್ಲಿ ತುರಿದ ಕಾಯಿ ಫ್ರೀಜರ್ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ನಾನು ತಂದ ದಿನವೇ ಅದನ್ನು ಸಣ್ಣ ಸಣ್ಣ ಪಾಲು ಮಾಡಿ ಇಡುತ್ತೇನೆ, ಒಂದು ಅಡುಗೆಗೆ ಒಂದು ಪಾಲು. ನೀವೂ ಕಾಯಿ ತುರಿದು ಹಾಗೆ ಮಾಡಬಹುದು. ಒಡೆದ ಕಾಯಿ ಎದುರಿಗಿದ್ದರೆ ಪೂರ್ತಿ ಮುಗಿಸುವವರೆಗೆ ಕೈ ನಿಲ್ಲುವುದಿಲ್ಲ, ಅಲ್ವಾ?

ಹಾಸನದ ಅಜ್ಜಿಮನೆ
ಹಬ್ಬದ ಅಡುಗೆಗೆ ಮಾತ್ರ ಕೈ ಹಾಕಬೇಡಿ, ನನ್ನ ಕೋರಿಕೆ. ಒಬ್ಬಟ್ಟಿಗೆ ತುಪ್ಪ ಬೇಕು, ಬೇಕು ಅಷ್ಟೇ. ಗಣೇಶನ ಹಬ್ಬಕ್ಕೆ ಬೇಕಾದರೆ ಕರಿದ ಕಡುಬು ನೈವೇದ್ಯಕ್ಕಾಗುವಷ್ಟು, ಉಳಿದದ್ದು ಹಬೆಯ ಕಡುಬು. ಅದು ಮೊದಲಿಂದಲೂ ಇದೆ. ವರ್ಷದಲ್ಲಿ ನಾಲ್ಕೈದು ಹಬ್ಬದಿಂದ ಯಾರ ಟ್ರೈಗ್ಲಿಸರೈಡೂ ಏರಿಲ್ಲ, ದಿನನಿತ್ಯದ್ದರಿಂದ ಏರಿದ್ದು.

ಆಹಾರ ತಜ್ಞೆ, ಬೆಂಗಳೂರು
ಇದಕ್ಕೆ ನನ್ನ ಅರ್ಧ ಒಪ್ಪಿಗೆ. ಹಬ್ಬದ ಮರುದಿನ, ಮೂರನೇ ದಿನ ಒಬ್ಬಟ್ಟು ಬಿಸಿ ಮಾಡಿ ತಿನ್ನುವವರನ್ನು ನಾನು ನೋಡಿದ್ದೇನೆ. ನಾಲ್ಕು ಹಬ್ಬ ಹನ್ನೆರಡು ದಿನವಾಗುತ್ತದೆ.

ತಿಪಟೂರಿನ ಸೊಸೆ
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಶನಿವಾರ ನುಚ್ಚಿನುಂಡೆ ಮಜ್ಜಿಗೆ ಹುಳಿ ಆಯಿತು, ಅತ್ತೆ ತಾವೇ ಬೇಳೆ ನೆನೆಸಿಟ್ಟರು. ಮಗಳು ಮೊದಲು "ಇದಕ್ಕಿಂತ ವಡೆ ಮಾಡಬಹುದಿತ್ತು" ಅಂದಳು, ಆಮೇಲೆ ನಾಲ್ಕು ತಿಂದಳು. ಎಣ್ಣೆ ಡಬ್ಬಿಗೆ ಚಮಚ ಬಿದ್ದಿದೆ. ಹುಳಿ ದಿನ ಕಾಯಿ ಪೂರ್ತಿ, ಮಾರನೇ ದಿನ ಪೂರ್ತಿ ರಜೆ, ಈ ಪದ್ಧತಿಗೆ ಅತ್ತೆ ಒಪ್ಪಿದ್ದಾರೆ. ಚಟ್ನಿಯಲ್ಲಿ ಹುರಿಗಡಲೆ ಹಾಕಿದ್ದು ಮಾತ್ರ ಕಂಡುಹಿಡಿದುಬಿಟ್ಟರು. "ಹೋಟೆಲ್ ಚಟ್ನಿ ಥರ ಇದೆ" ಅಂದರು. ಅದು ಹೊಗಳಿಕೆಯೋ ಬೈಗುಳವೋ ಇನ್ನೂ ತಿಳಿದಿಲ್ಲ.

ಯಜಮಾನರ ಟೀ ಲೆಕ್ಕ ಕೇಳಿದೆ. ಮೂರಲ್ಲ, ಐದು. ಜೊತೆಗೆ ಬಿಸ್ಕತ್ತು. ಈಗ ಸಕ್ಕರೆ ಒಂದು ಚಮಚಕ್ಕೆ ಇಳಿಸಲು ಒಪ್ಪಿದ್ದಾರೆ, ಬಿಸ್ಕತ್ತಿನ ಬದಲು ಹುರಿಗಡಲೆ ಡಬ್ಬಿ ಕಳಿಸುತ್ತಿದ್ದೇನೆ. ಡಬ್ಬಿ ಖಾಲಿಯಾಗಿ ಬರುತ್ತದೆ, ಯಾರು ತಿನ್ನುತ್ತಾರೋ ಗೊತ್ತಿಲ್ಲ. ಸೊಪ್ಪು ಬಿಡಿಸಲು ಕೊಟ್ಟೆ. ದಂಟು ಎಲ್ಲ ಬಿಸಾಡಿ ಎಲೆ ಮಾತ್ರ ಇಟ್ಟಿದ್ದರು, ಅತ್ತೆಯ ಕೈಲಿ ಚೆನ್ನಾಗಿ ಬೈಸಿಕೊಂಡರು.

ಕೊನೆಯದಾಗಿ ಒಂದು ಪ್ರಶ್ನೆ. ಸಾಮೆಯಲ್ಲಿ ಮೊಸರನ್ನ ಮಾಡಿದೆ, ಸಂಜೆ ಹೊತ್ತಿಗೆ ಗಟ್ಟಿ ಮುದ್ದೆಯಾಯಿತು. ನೀರು ಎಷ್ಟು ಹಾಕಬೇಕು?

ಸಿರಿಧಾನ್ಯ ಸಂಗಾತಿ
ಇದನ್ನು ನಾನು ಹೇಳಬಲ್ಲೆ. ಸಾಮೆಯನ್ನು ಅರ್ಧ ಗಂಟೆ ನೆನೆಸಿ. ಬರೀ ಅನ್ನಕ್ಕಾದರೆ ಒಂದಕ್ಕೆ ಎರಡೂವರೆ ನೀರು, ಮೊಸರನ್ನಕ್ಕೆ ಮೂರೂವರೆ. ಬಿಸಿ ಇರುವಾಗಲೇ ಸೌಟಿನಿಂದ ಮಸೆದು ಒಂದು ಲೋಟ ಹಾಲು ಸೇರಿಸಿ, ಪೂರ್ತಿ ಆರಿದ ಮೇಲೆ ಮೊಸರು. ಸಾಮೆ ಆರಿದಂತೆ ಅಕ್ಕಿಗಿಂತ ಜಾಸ್ತಿ ನೀರು ಎಳೆದುಕೊಳ್ಳುತ್ತದೆ, ಅದಕ್ಕೇ ಕಲಸುವಾಗ ನೀರು ನೀರಾಗಿ ಕಂಡರೂ ಹೆದರಬೇಡಿ. ಡಬ್ಬಿಗೆ ಕಳಿಸುವುದಾದರೆ ಸ್ವಲ್ಪ ಮಜ್ಜಿಗೆ ಬೇರೆ ಬಾಟಲಿಯಲ್ಲಿ ಕೊಡಿ, ತಿನ್ನುವಾಗ ಕಲಸಿಕೊಳ್ಳಲಿ.

ತಿಪಟೂರಿನ ಸೊಸೆ
ನಾನು ಎರಡು ಲೋಟ ಹಾಕಿದ್ದೆ, ಹಾಲು ಹಾಕಿರಲಿಲ್ಲ. ನಾಳೆ ಹೀಗೇ ಮಾಡುತ್ತೇನೆ. ಒಗ್ಗರಣೆಗೆ ಒಂದೇ ಚಮಚ, ಸಣ್ಣ ಸೌಟಿನಲ್ಲಿ.